ಪೀಕಿಂಗ್ ಒಪೆರಾ ನೋಡೋಕೆ ಎಲ್ಲಿಂದ ಶುರು ಮಾಡಬೇಕು?

ಹೊಂಗೆನೆರಳು | ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಲ್ಲಿ ರಂಗಭೂಮಿ ಬಲ್ಲವರು ಜಾಸ್ತಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಜರ್ಮನ್ ನಾಟಕಕಾರ ಬ್ರೆಕ್ಟ್ ಬಗ್ಗೆ ಓದುವಾಗ ಮೇ ಲಾನ್‌ಫಾಂಗ್ ಅನ್ನುವ ಚೀನಾದ ನಟನ ಹೆಸರು ಸಿಕ್ಕಿತು. 1935ರಲ್ಲಿ ಮಾಸ್ಕೋದಲ್ಲಿ ಇವರ ಅಭಿನಯ ನೋಡಿದ ಬ್ರೆಕ್ಟ್, ಚೀನೀ ನಟನೆಯ ಮೇಲೇ ಒಂದು ಪ್ರಬಂಧ ಬರೆದರಂತೆ. ಅಂಥದ್ದೇನಿದೆ ನೋಡೋಣ ಅಂತ ಯೂಟ್ಯೂಬಿನಲ್ಲಿ ಪೀಕಿಂಗ್ ಒಪೆರಾ ಹಾಕಿದೆ. ಉಡುಗೆ, ಬಣ್ಣ, ತಲೆಗೆ ಕಟ್ಟಿದ ಮುತ್ತು ಎಲ್ಲಾ ಕಣ್ಣಿಗೆ ಹಬ್ಬ. ಹಾಡು ಶುರುವಾದ ಮೇಲೆ ಮಾತ್ರ ಕಷ್ಟವಾಯಿತು. ತುಂಬಾ ಕೀರಲು ದನಿ, ನಡುನಡುವೆ ಜಾಗಟೆ. ಅರ್ಧಕ್ಕೇ ನಿಲ್ಲಿಸಿದೆ.

ಬಿಟ್ಟುಬಿಡೋಕೆ ಮನಸ್ಸಿಲ್ಲ. ಬ್ರೆಕ್ಟ್ ಅಂಥವರನ್ನು ಹಿಡಿದು ನಿಲ್ಲಿಸಿದ್ದು ಏನು ಅಂತ ತಿಳಿಯಬೇಕು. ಹೊಸಬರು ಎಲ್ಲಿಂದ ಶುರು ಮಾಡಬೇಕು? ಇದು ಸಾವಿರಾರು ವರ್ಷದ ಕಲೆ ಅಂತ ಎಲ್ಲಾ ಕಡೆ ಬರೆದಿರುತ್ತಾರೆ, ಅದು ನಿಜವಾ? ಹೆಣ್ಣಿನ ಪಾತ್ರವನ್ನು ಈಗಲೂ ಗಂಡಸರೇ ಮಾಡುತ್ತಾರಾ?

ನೀಲಿಶಾಯಿ | ಭಾನುವಾರ, ರಾತ್ರಿ 10:05

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಯಾಕೆಂದರೆ ಈ "ಸಾವಿರಾರು ವರ್ಷ" ಅನ್ನೋದು ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಪೀಕಿಂಗ್ ಒಪೆರಾಗೆ ಸುಮಾರು ಇನ್ನೂರು ವರ್ಷ ಅಷ್ಟೆ. 1790ರಲ್ಲಿ ಛ್ಯಾನ್‌ಲಾಂಗ್ ಚಕ್ರವರ್ತಿಯ ಎಂಬತ್ತನೇ ಹುಟ್ಟುಹಬ್ಬಕ್ಕೆ ದಕ್ಷಿಣದ ಆನ್‌ಹುಯಿ ಕಡೆಯ ಮೇಳ ಬೀಜಿಂಗಿಗೆ ಬಂತು. ಸಾನ್‌ಛಿಂಗ್ ಅನ್ನುವ ಮೇಳ ಮೊದಲು, ಆಮೇಲೆ ಇನ್ನೂ ಮೂರು. ಬಂದವರು ವಾಪಸ್ ಹೋಗಲಿಲ್ಲ, ಅಲ್ಲೇ ನೆಲೆ ನಿಂತರು. 1820ರ ದಶಕದಲ್ಲಿ ಹುಬೇ ಕಡೆಯ ಗಾಯಕರು ತಮ್ಮ ಧಾಟಿ ತಂದು ಇವರ ಜೊತೆ ಸೇರಿದರು. ಎರಡೂ ಬೆರೆತು, ರಾಜಧಾನಿಯ ಜನರ ರುಚಿಗೆ ಹೊಂದಿಕೊಂಡು ಬೆಳೆದದ್ದೇ ಇವತ್ತಿನ ಪೀಕಿಂಗ್ ಒಪೆರಾ.

ಬೀಜಿಂಗಿನ ಹೆಮ್ಮೆ ಅನ್ನೋ ಕಲೆಯ ಬೇರು ಬೀಜಿಂಗಿನದಲ್ಲ, ಹೊರಗಿನಿಂದ ಬಂದ ಮೇಳಗಳದ್ದು. ರಂಗದ ಮೇಲಿನ ಮಾತಿನ ಉಚ್ಚಾರದಲ್ಲಿ ಈಗಲೂ ಹುಬೇ ಕಡೆಯ ಎಳೆತ ಇದೆ.

ಕಾಫಿಪುಡಿ | ಭಾನುವಾರ, ರಾತ್ರಿ 10:11

ಹಾಗಾದ್ರೆ 1790ಕ್ಕೆ ಮುಂಚೆ ಅಲ್ಲಿ ನಾಟಕವೇ ಇರಲಿಲ್ವಾ?

ನೀಲಿಶಾಯಿ | ಭಾನುವಾರ, ರಾತ್ರಿ 10:48

ಇತ್ತು, ಧಾರಾಳವಾಗಿ ಇತ್ತು. ಮಂಗೋಲರು ಆಳುತ್ತಿದ್ದ ಯುವಾನ್ ಕಾಲದಲ್ಲಿ, ಅಂದರೆ 13-14ನೇ ಶತಮಾನದಲ್ಲಿ, ಝಾಜು ಅನ್ನುವ ನಾಟಕ ತುಂಬಾ ಜೋರಾಗಿತ್ತು. ಸಾಮಾನ್ಯವಾಗಿ ನಾಲ್ಕು ಅಂಕ, ಹಾಡುವ ಪಾತ್ರ ಮಾತ್ರ ಒಂದೇ. ಉಳಿದವರು ಬರೀ ಮಾತು. ಗುವಾನ್ ಹಾನ್‌ಛಿಂಗ್ ಬರೆದ ದೌ ಅ ಎಂಬ ಹೆಂಗಸಿನ ಕಥೆ ಆ ಕಾಲದ್ದು. ಮಾಡದ ಕೊಲೆಗೆ ಅವಳಿಗೆ ಮರಣದಂಡನೆ ಆಗುತ್ತದೆ. ಸಾಯುವ ಮುಂಚೆ ಅವಳು ಮೂರು ಮಾತು ಹೇಳುತ್ತಾಳೆ: ನನ್ನ ರಕ್ತ ನೆಲಕ್ಕೆ ಬೀಳದೆ ಮೇಲಿನ ಬಿಳಿ ಬಟ್ಟೆಗೆ ಹಾರಲಿ, ನಡು ಬೇಸಿಗೆಯಲ್ಲಿ ಹಿಮ ಬೀಳಲಿ, ಈ ಊರಿಗೆ ಮೂರು ವರ್ಷ ಮಳೆ ಬಾರದಿರಲಿ. ಮೂರೂ ನಡೆಯುತ್ತವೆ. ಈ ಕಥೆ ಬೇರೆ ಬೇರೆ ರೂಪದಲ್ಲಿ ಇವತ್ತಿಗೂ ರಂಗದ ಮೇಲಿದೆ.

ಶಾನ್‌ಶಿ ಪ್ರಾಂತ್ಯದ ಹೋಂಗ್‌ದೋಂಗ್‌ನಲ್ಲಿ ಜಲದೇವರ ಗುಡಿಯ ಗೋಡೆ ಮೇಲೆ 1324ರ ಚಿತ್ರವೊಂದಿದೆ. ಒಂದು ಇಡೀ ಮೇಳ ಸಾಲಾಗಿ ನಿಂತಿದೆ. ನಟರು ಮುಂದೆ, ವಾದ್ಯದವರು ಹಿಂದೆ, ಮೇಲೆ ಮೇಳದ ಹೆಸರು ಬರೆದ ಬಟ್ಟೆ. ನಡುವೆ ಕೆಂಪು ನಿಲುವಂಗಿಯ ಅಧಿಕಾರಿ ವೇಷ. ಆ ವೇಷದಲ್ಲಿರೋದು ಹೆಂಗಸು ಅಂತ ಬಹಳ ಪಂಡಿತರ ಅಭಿಪ್ರಾಯ. ಪರದೆಯ ಹಿಂದಿನಿಂದ ಒಬ್ಬರು ಇಣುಕಿ ನೋಡುತ್ತಿದ್ದಾರೆ! ಏಳುನೂರು ವರ್ಷದ ಹಿಂದಿನ ಚೌಕಿಯ ಇಣುಕು ಅದು. ನನಗೆ ಈ ಚಿತ್ರ ಅಂದರೆ ಪ್ರಾಣ.

ಆಮೇಲೆ 16ನೇ ಶತಮಾನದಲ್ಲಿ ಸುಝೌ ಹತ್ತಿರದ ಕುನ್‌ಶಾನ್‌ನಲ್ಲಿ ಕುನ್‌ಛು ಬೆಳೆಯಿತು. ಕೊಳಲಿನ ಜೊತೆ ಹಾಡುವ, ಬಹಳ ನಯವಾದ ಶೈಲಿ. ಪೀಕಿಂಗ್ ಒಪೆರಾ ಇದರಿಂದ ಬೇಕಾದಷ್ಟು ಎತ್ತಿಕೊಂಡಿದೆ.

ಗಾಂಧಿಬಜಾರ್ | ಭಾನುವಾರ, ರಾತ್ರಿ 11:02

ಇನ್ನೊಂದು ಮಾತು ಸೇರಿಸಬೇಕು. ಪೀಕಿಂಗ್ ಒಪೆರಾವೇ ಚೀನಾ ಒಪೆರಾ ಅಲ್ಲ. ಅವರ ಸರ್ಕಾರ 2017ರಲ್ಲಿ ಮುಗಿಸಿದ ಸಮೀಕ್ಷೆಯಲ್ಲಿ 348 ಪ್ರಕಾರ ಲೆಕ್ಕಕ್ಕೆ ಸಿಕ್ಕಿವೆ. ಕ್ಯಾಂಟನೀಸ್, ಸಿಚುವಾನ್, ಶಾಓಶಿಂಗ್ ಕಡೆಯ ಯುಎಜು, ಶಾಆನ್‌ಶಿ (ಮೇಲೆ ಬಂದ ಶಾನ್‌ಶಿ ಅಲ್ಲ, ಬೇರೆ ಪ್ರಾಂತ್ಯ) ಕಡೆಯ ಛಿನ್‌ಛಿಯಾಂಗ್... ಪ್ರತಿಯೊಂದಕ್ಕೂ ತನ್ನ ನುಡಿ, ತನ್ನ ಧಾಟಿ. ಒಂದು ಹಿಡಿಸಲಿಲ್ಲ ಅಂತ ಎಲ್ಲವನ್ನೂ ಬಿಡಬೇಡಿ.

ಚಂಡೆಪೆಟ್ಟು | ಸೋಮವಾರ, ಬೆಳಿಗ್ಗೆ 7:20

ಹೊಂಗೆನೆರಳು ಅವರೇ, ನಿಮಗೆ ಕಿರಿಕಿರಿ ಮಾಡಿದ ಆ ಜಾಗಟೆಯಿಂದಲೇ ಶುರು ಮಾಡಿ ಅಂತೀನಿ ನಾನು. ನಾನು ಯಕ್ಷಗಾನದ ಚಂಡೆಯವನು. ನನಗೆ ಒಳಹೋಗೋಕೆ ಬಾಗಿಲು ಸಿಕ್ಕಿದ್ದೇ ಅಲ್ಲಿ.

ರಂಗದ ಪಕ್ಕದಲ್ಲಿ ಕೂತವರಲ್ಲಿ ಒಬ್ಬರ ಎಡಗೈಯಲ್ಲಿ ಮರದ ಹಲಗೆಗಳ ತಾಳ, ಬಲಗೈಯಲ್ಲಿ ಬಿದಿರಿನ ಕಡ್ಡಿ, ಮುಂದೆ ಒಂದು ಪುಟ್ಟ ಡೋಲು ಇರುತ್ತದೆ. ಆ ಡೋಲಿನ ನಡುವಿನ ಸಣ್ಣ ಜಾಗ ಮಾತ್ರ ನುಡಿಯೋದು. ಟಕ್ ಅಂತ ಒಣ ದನಿ. ಇಡೀ ಆಟವನ್ನು ನಡೆಸೋದು ಇವರೇ. ನಮ್ಮಲ್ಲಿ ಭಾಗವತರ ಕೈಯಲ್ಲಿ ಆಟ ಇರುತ್ತದೆ, ಅಲ್ಲಿ ಡೋಲಿನವರ ಕೈಯಲ್ಲಿ. ನಟ ತೋಳು ಒದರಿದರೆ, ಗಡ್ಡ ನೀವಿದರೆ, ಕಣ್ಣು ತಿರುಗಿಸಿದರೆ ಅದಕ್ಕೆ ಸರಿಯಾಗಿ ಪೆಟ್ಟು ಬೀಳಬೇಕು.

ಜಾಗಟೆ ಎರಡು. ದೊಡ್ಡದಕ್ಕೆ ಹೊಡೆದರೆ ದನಿ ಕೆಳಕ್ಕೆ ಜಾರುತ್ತದೆ, ಸಣ್ಣದಕ್ಕೆ ಹೊಡೆದರೆ ಮೇಲಕ್ಕೆ ಏರುತ್ತದೆ. ಇದನ್ನು ಒಂದು ಸಲ ಗಮನಿಸಿ. ಸೇನಾಪತಿ ಬರುವಾಗ ದೊಡ್ಡದು, ಹೆಣ್ಣು ವೇಷ ಬರುವಾಗ ಹೆಚ್ಚಾಗಿ ಸಣ್ಣದು. ಅವರೂ ಪಾಠ ಕಲಿಯೋದು ಬಾಯಿತಾಳದಲ್ಲೇ: "ಛಾಂಗ್" ಅಂದರೆ ದೊಡ್ಡ ಜಾಗಟೆ, "ಥಾಯ್" ಅಂದರೆ ಸಣ್ಣದು, "ಛಾಯ್" ಅಂದರೆ ತಾಳ. ಬಾಯಲ್ಲಿ ಗಟ್ಟಿಯಾದ ಮೇಲೇ ಕೈಗೆ ಬರೋದು. ಇದನ್ನು ಕೇಳಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಗಾಂಧಿಬಜಾರ್ | ಸೋಮವಾರ, ಬೆಳಿಗ್ಗೆ 8:15

ಚಂಡೆಯಣ್ಣ, ನೀವು ಕಸುಬಿನವರು, ನಿಮ್ಮ ಕಿವಿ ಬೇರೆ. ಹೊಸಬರನ್ನು ಕಿವಿಯಿಂದ ಕರೆದುಕೊಂಡು ಹೋದರೆ ಮತ್ತೆ ಓಡಿಹೋಗುತ್ತಾರೆ. ಕಣ್ಣಿನಿಂದ ಶುರು ಮಾಡಲಿ.

"ಸಾನ್ ಛಾ ಕೌ" ಅಂತ ಹುಡುಕಿ, ಅಂದರೆ ಮೂರು ದಾರಿ ಸೇರುವ ಕಡೆಯ ಛತ್ರ. ಅರ್ಧ ಗಂಟೆ, ಮುಕ್ಕಾಲು ಗಂಟೆಯ ತುಣುಕುಗಳು ಸಿಗುತ್ತವೆ. ಹಾಡು ಬಹಳ ಕಡಿಮೆ. ಕಥೆ ಇಷ್ಟೇ: ರೆನ್ ಥಾಂಗ್‌ಹುಯಿ ಒಬ್ಬ ಸೇನಾಪತಿಯನ್ನು ಗುಟ್ಟಾಗಿ ಕಾಯುತ್ತಾ ಬಂದು ಛತ್ರದಲ್ಲಿ ತಂಗುತ್ತಾನೆ. ಇವನೇ ಆ ಸೇನಾಪತಿಯನ್ನು ಕೊಲ್ಲೋಕೆ ಬಂದವನು ಅಂತ ಛತ್ರದವನಿಗೆ ಅನುಮಾನ. ರಾತ್ರಿ, ಗವ್ವೆನ್ನುವ ಕತ್ತಲೆ. ಇಬ್ಬರೂ ಒಂದೇ ಕೋಣೆಯಲ್ಲಿ ಕತ್ತಿ ಹಿಡಿದು ಹುಡುಕಾಡುತ್ತಾರೆ.

ರಂಗದ ಮೇಲೆ ಮಾತ್ರ ದೀಪವೆಲ್ಲಾ ಉರಿಯುತ್ತಲೇ ಇರುತ್ತವೆ! ಇರೋದು ಒಂದು ಮೇಜು. ಒಬ್ಬ ಮೇಜಿನ ಮೇಲೆ, ಇನ್ನೊಬ್ಬ ಕೆಳಗೆ. ಕತ್ತಿಯ ಅಲಗು ಮೂಗಿನ ತುದಿಯ ಹತ್ತಿರವೇ ಹಾದುಹೋಗುತ್ತದೆ, ಗಾಳಿ ಸೋಕಿ ಇವನು ಬೆಚ್ಚುತ್ತಾನೆ, ಆದರೂ ಎದುರಿಗಿರುವವನು ಕಾಣಲ್ಲ. ಇಬ್ಬರ ಕಣ್ಣೂ ತೆರೆದೇ ಇದ್ದರೂ ಏನನ್ನೂ ನೋಡುತ್ತಿಲ್ಲ. ಆ ಕಣ್ಣನ್ನು ನೋಡಿ ನಮಗೂ ಕತ್ತಲೆ ಅನ್ನಿಸುತ್ತದೆ. ಬ್ರೆಕ್ಟ್ ಯಾಕೆ ಬೆರಗಾದರು ಅನ್ನೋದಕ್ಕೆ ಇಲ್ಲೇ ಅರ್ಧ ಉತ್ತರ ಇದೆ ಅಂತ ನನ್ನ ಅನಿಸಿಕೆ. ಇದು ನಿಜ ಅಂತ ನಂಬಿಸೋಕೆ ಯಾರೂ ಹೆಣಗಲ್ಲ. ಆದರೂ ನಾವು ಕಥೆಯ ಒಳಗಿರುತ್ತೇವೆ.

ಶರಾವತಿ_ತೀರ | ಸೋಮವಾರ, ಬೆಳಿಗ್ಗೆ 8:31

+1. ಇದಾದ ಮೇಲೆ ಸಿಚುವಾನ್ ಕಡೆಯ "ಶರದದ ಹೊಳೆ" ನೋಡಿ. ಪ್ರಿಯಕರನನ್ನು ಹುಡುಕಿ ಹೊರಟ ಎಳೆ ಸನ್ಯಾಸಿನಿ, ಮುದುಕ ಅಂಬಿಗ. ರಂಗದಲ್ಲಿ ಇರೋದು ಒಂದು ಹುಟ್ಟು ಮಾತ್ರ. ಅವನು ಮೇಲೆದ್ದರೆ ಅವಳು ಕುಸಿಯುತ್ತಾಳೆ, ಅವಳು ಎದ್ದರೆ ಅವನು ಕುಸಿಯುತ್ತಾನೆ. ಅಷ್ಟರಲ್ಲೇ ದೋಣಿ ಕಾಣುತ್ತದೆ, ನೀರೂ ಕಾಣುತ್ತದೆ.

ಸ್ವರಜತಿ | ಸೋಮವಾರ, ಮಧ್ಯಾಹ್ನ 1:10

ಗಾಂಧಿಬಜಾರ್ ಅವರ ಸಲಹೆ ನನಗೆ ಒಪ್ಪಿಗೆ ಇಲ್ಲ. ಹಾಡನ್ನು ಬಿಟ್ಟು ಬರೀ ಲಾಗ, ಕತ್ತಿ ವರಸೆ ನೋಡಿದರೆ ಅದು ಪ್ರವಾಸಿಗರ ಪೀಕಿಂಗ್ ಒಪೆರಾ. ಹಳೆ ಬೀಜಿಂಗಿನ ರಸಿಕರು ಚಹಾದಂಗಡಿಯ ರಂಗದ ಮುಂದೆ ಕಣ್ಣು ಮುಚ್ಚಿ ಕೂತು, ತೊಡೆ ಮೇಲೆ ತಾಳ ಹಾಕುತ್ತಾ ಕೇಳುತ್ತಿದ್ದರು. ಒಂದು ಪಲುಕು ಚೆನ್ನಾಗಿ ಬಂದರೆ "ಹಾವ್!" ಅಂತ ಕೂಗುತ್ತಿದ್ದರು. ಅವರು ಬರುತ್ತಿದ್ದದ್ದು ದನಿಗಾಗಿ.

ಹೊಂಗೆನೆರಳು ಅವರಿಗೆ ಕಷ್ಟವಾಗಿದ್ದು ಬಹುಶಃ ಹೆಣ್ಣು ವೇಷದ ಕಳ್ಳದನಿ, ಅಂದರೆ ಸಹಜ ಕಂಠ ಬಿಟ್ಟು ಕೃತಕವಾಗಿ ಏರಿಸಿದ ದನಿ. ಮೊದಲು ಅದನ್ನು ಕೇಳಬೇಡಿ. "ಲಾಓಶೆಂಗ್", ಅಂದರೆ ಗಡ್ಡ ಇಟ್ಟ ಹಿರಿಯ ಗಂಡು ವೇಷದ ಹಾಡು ಕೇಳಿ. ಅವರು ಸಹಜ ಕಂಠದಲ್ಲೇ ಹಾಡುತ್ತಾರೆ. "ಬರಿದಾದ ಕೋಟೆಯ ಉಪಾಯ" ಹಾಕಿ. ಮೂರು ರಾಜ್ಯಗಳ ಕಾಲದ ಕಥೆ. ಶತ್ರು ಸೇನೆ ಬಾಗಿಲಿಗೆ ಬಂದಿದೆ, ಕೋಟೆಯಲ್ಲಿ ಸೈನ್ಯವಿಲ್ಲ. ಮಂತ್ರಿ ಝೂಗೆ ಲಿಯಾಂಗ್ ಬಾಗಿಲು ತೆರೆಸಿ, ಕಸ ಗುಡಿಸೋಕೆ ಮುದುಕರನ್ನು ನಿಲ್ಲಿಸಿ, ತಾನು ಗೋಡೆ ಮೇಲೆ ಕೂತು ತಂತಿವಾದ್ಯ ನುಡಿಸುತ್ತಾನೆ. ಕೆಳಗೆ ಬಿಳಿ ಮುಖದ ಸಿಮಾ ಯಿ ಅನುಮಾನದಲ್ಲಿ ನಿಂತಿದ್ದಾನೆ. ಪ್ರಾಣ ಹೋಗುವ ಹೊತ್ತಲ್ಲಿ ಇವನ ಹಾಡು ಎಷ್ಟು ನಿರಾಳ!

ಧಾಟಿ ಮುಖ್ಯವಾಗಿ ಎರಡು. ಶಿಪಿ ಸ್ವಲ್ಪ ಚುರುಕು, ಹುರುಪು. ಅರ್‌ಹುವಾಂಗ್ ನಿಧಾನ, ಒಳಗೆ ನೋಡಿಕೊಳ್ಳುವಂಥದ್ದು, ದುಃಖಕ್ಕೆ ಹೆಚ್ಚು. ಜಿಂಗ್‌ಹು ಅನ್ನುವ ಎರಡು ತಂತಿಯ ಬಿದಿರಿನ ವಾದ್ಯವನ್ನು ಶಿಪಿಗೆ ದ-ಗ ಅಂತ ಶ್ರುತಿ ಮಾಡುತ್ತಾರೆ, ಅರ್‌ಹುವಾಂಗ್‌ಗೆ ಪ-ರಿ. ತಂತಿಗಳ ನಡುವಿನ ಅಂತರ ಒಂದೇ, ಆದರೆ ಸ್ವರದ ಜಾಗ ಬದಲಾದ ಕೂಡಲೇ ಬಣ್ಣವೇ ಬೇರೆ. ಸಂಗೀತ ಕಲಿತವರು ಇದನ್ನು ಕೇಳಿ ನೋಡಿ, ಗೊತ್ತಾಗುತ್ತದೆ.

ಗಾಂಧಿಬಜಾರ್ | ಸೋಮವಾರ, ಮಧ್ಯಾಹ್ನ 1:44

"ಪ್ರವಾಸಿಗರದು" ಅಂತ ತಳ್ಳಿಹಾಕಬೇಡಿ ಮೇಡಂ. ಹಾಡು, ಮಾತು, ಅಭಿನಯ, ಕಾಳಗ ನಾಲ್ಕೂ ಸೇರಿದರೇ ಅದು ಪೂರ್ತಿ ಅಂತ ಅವರೇ ಹೇಳೋದು. ಕಾಳಗದ ನಟರು ಬಾಲ್ಯದಿಂದ ಮೈ ದಂಡಿಸಿರುತ್ತಾರೆ, ಅದು ಕಡಿಮೆ ಕಲೆಯಾ?

ಸ್ವರಜತಿ | ಸೋಮವಾರ, ಮಧ್ಯಾಹ್ನ 2:03

ಕಡಿಮೆ ಅನ್ನಲಿಲ್ಲ. ಹಾಡಿಗೆ ಕಿವಿ ಮುಚ್ಚಿಕೊಂಡರೆ ಮೇ ಲಾನ್‌ಫಾಂಗ್ ಯಾಕೆ ಮೇ ಲಾನ್‌ಫಾಂಗ್ ಆದರು ಅನ್ನೋದು ಯಾವತ್ತೂ ಸಿಗಲ್ಲ ಅಂದೆ.

ಚಂಡೆಪೆಟ್ಟು | ಸೋಮವಾರ, ಮಧ್ಯಾಹ್ನ 2:20

ಸ್ವರಜತಿ ಮೇಡಂ, ಶಿಪಿಯಲ್ಲೇ "ಯಾಓಬಾನ್" ಅಂತ ಒಂದಿದೆ ನೋಡಿ. ತಾಳ ಓಡುತ್ತಿರುತ್ತದೆ, ಹಾಡು ಮಾತ್ರ ತನ್ನ ಪಾಡಿಗೆ ನಿಧಾನ. ಒಳಗೆ ತಳಮಳ, ಮೇಲೆ ತಡೆದುಕೊಂಡ ದನಿ. ನುಡಿಸೋರಿಗೆ ಇದು ಬಲು ಕಷ್ಟದ ಕೆಲಸ.

ಸಿಂಗಾಪುರದಿಂದ | ಸೋಮವಾರ, ರಾತ್ರಿ 9:15

ನಾನಿರೋದು ಸಿಂಗಾಪುರದಲ್ಲಿ. ಇಲ್ಲಿ ಬೀದಿ ಆಟಕ್ಕೆ ಎಲ್ಲರೂ "ವಯಾಂಗ್" ಅಂತಾರೆ. ಚೀನೀ ಪಂಚಾಂಗದ ಏಳನೇ ತಿಂಗಳಲ್ಲಿ, ಅಂದರೆ ಸತ್ತವರು ಭೂಮಿಗೆ ಬರುತ್ತಾರೆ ಅಂತ ನಂಬುವ ತಿಂಗಳಲ್ಲಿ, ಗುಡಿಗಳ ಮುಂದೆ, ವಸತಿ ಕಟ್ಟಡಗಳ ನಡುವಿನ ಬಯಲಲ್ಲಿ ರಂಗ ಏಳುತ್ತದೆ. ಹೊಕ್ಕಿಯೆನ್, ತಿಯೋಚು ಮೇಳಗಳು ಜಾಸ್ತಿ. ರಂಗದ ಮುಖ ದೇವರ ಕಡೆಗೆ. ಆಟ ಮೊದಲು ದೇವರಿಗೆ, ಆಮೇಲೆ ನಮಗೆ. ಮಳೆ ಬಂದು ಕುರ್ಚಿಗಳೆಲ್ಲಾ ಖಾಲಿಯಾದರೂ ಹಾಡು ನಿಂತಿದ್ದನ್ನು ನಾನು ನೋಡಿಲ್ಲ.

ಒಂದು ಸಂಜೆ ರಂಗದ ಹಿಂದೆ ನಿಂತು ನೋಡೋಕೆ ಬಿಟ್ಟರು. ಮರದ ಪೆಟ್ಟಿಗೆಗಳ ಸಾಲು, ಒಂದು ಟೇಬಲ್ ಫ್ಯಾನು, ಮೂಲೆಯಲ್ಲಿ ಮೇಳದ ದೇವರಿಗೆ ಊದುಬತ್ತಿ. ಐವತ್ತು ದಾಟಿದ ಒಬ್ಬ ಹೆಂಗಸು ಕನ್ನಡಿ ಮುಂದೆ ಕೂತಿದ್ದರು. ಮುಖಕ್ಕೆ ಬಿಳಿ, ಅದರ ಮೇಲೆ ಕಣ್ಣಿನ ಸುತ್ತ ಗುಲಾಬಿ. ಬಣ್ಣ ಆದ ಮೇಲೆ ಉದ್ದ ಪಟ್ಟಿಯನ್ನು ಹಣೆಗೆ ಸುತ್ತಿ, ಹುಬ್ಬಿನ ತುದಿಯನ್ನು ಬೆರಳಲ್ಲಿ ಮೇಲಕ್ಕೆ ಎಳೆದು, ಹಾಗೇ ಬಿಗಿದು ಕಟ್ಟಿಸಿಕೊಂಡರು. ಕಣ್ಣು ಓರೆಯಾಗಿ ಮೇಲೆದ್ದವು, ಕೆನ್ನೆಯ ಸುಕ್ಕು ಮಾಯ. ನೋವಾಗಲ್ವಾ ಅಂತ ಕೇಳಿದ್ದಕ್ಕೆ ನಕ್ಕು, ಹೊಸಬರು ವಾಂತಿ ಮಾಡಿಕೊಳ್ಳುತ್ತಾರೆ ಅಂದರು. ಆಮೇಲೆ ಅಂಟಲ್ಲಿ ನೆನೆಸಿದ ಕೂದಲಿನ ಎಳೆಗಳನ್ನು ಕೆನ್ನೆಯ ಎರಡೂ ಕಡೆ ಅಂಟಿಸಿದರು. ಅಗಲ ಮುಖ ಮೊಟ್ಟೆಯಾಕಾರಕ್ಕೆ ಬಂತು. ಅರ್ಧ ಗಂಟೆ ಕಳೆದು ರಂಗಕ್ಕೆ ಬಂದಾಗ ಅವರು ಹದಿನಾರರ ಹುಡುಗಿ.

ನೀಲಿಶಾಯಿ | ಸೋಮವಾರ, ರಾತ್ರಿ 9:50

ಎಂಥ ಚೆನ್ನಾಗಿ ಬರೆದಿದ್ದೀರಿ! ಪೀಕಿಂಗ್ ಒಪೆರಾದಲ್ಲೂ ಹೀಗೇ ತಲೆ ಕಟ್ಟುತ್ತಾರೆ. ಆ ಅಂಟನ್ನು ಹಿಂದೆ ಎಲ್ಮ್ ಜಾತಿಯ ಮರವನ್ನು ಹೆರೆದ ತೆಳು ಚಕ್ಕೆಗಳನ್ನು ನೀರಲ್ಲಿ ನೆನೆಸಿ ತೆಗೆಯುತ್ತಿದ್ದರು.

ಕಾಫಿಪುಡಿ | ಸೋಮವಾರ, ರಾತ್ರಿ 10:02

ವಿಷಯ ಸ್ವಲ್ಪ ಆಚೆ ಹೋಗುತ್ತೆ, ಆದರೂ ಕೇಳ್ತೀನಿ. ಜಾಕಿ ಚಾನ್ ಒಪೆರಾ ಶಾಲೆಯಲ್ಲಿ ಕಲಿತವರು ಅಂತಾರಲ್ಲ, ಹೌದಾ?

ಗಾಂಧಿಬಜಾರ್ | ಸೋಮವಾರ, ರಾತ್ರಿ 10:25

ಹೌದು. 1960ರ ದಶಕದ ಹಾಂಗ್‌ಕಾಂಗ್‌ನಲ್ಲಿ ಯು ಜಿಮ್-ಯುಎನ್ ನಡೆಸುತ್ತಿದ್ದ ಪೀಕಿಂಗ್ ಒಪೆರಾ ಶಾಲೆ. ಜಾಕಿ ಚಾನ್, ಸಾಮೊ ಹಂಗ್, ಯುಎನ್ ಬಿಯಾವ್ ಮೂವರೂ ಅಲ್ಲಿನವರೇ. ಬ್ರೂಸ್ ಲೀ ಅವರ ತಂದೆ ಲೀ ಹೊಯ್-ಚುಎನ್ ಕ್ಯಾಂಟನೀಸ್ ಒಪೆರಾ ನಟರು. ಅವರು ಅಮೆರಿಕ ಪ್ರವಾಸದಲ್ಲಿದ್ದಾಗಲೇ 1940ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಬ್ರೂಸ್ ಲೀ ಹುಟ್ಟಿದ್ದು.

ಹಾಂಗ್‌ಕಾಂಗ್ ಫೈಟಿಂಗ್ ಗಮನಿಸಿ: ನಾಲ್ಕು ಏಟು, ಒಂದು ಕ್ಷಣ ಭಂಗಿಯಲ್ಲಿ ನಿಲುವು, ಮತ್ತೆ ನಾಲ್ಕು ಏಟು. ಒಪೆರಾ ರಂಗದ ಮೇಲೆ ಜಾಗಟೆಯ ಪೆಟ್ಟಿಗೆ ನಟ ಹಾಗೆ ಗಕ್ಕನೆ ನಿಂತು ಮುಖ ತೋರಿಸುತ್ತಾನೆ. ಅದೇ ಲಯ ಸಿನಿಮಾಕ್ಕೆ ಬಂದಿದೆ.

ಶರಾವತಿ_ತೀರ | ಸೋಮವಾರ, ರಾತ್ರಿ 10:40

ಆ ಶಾಲೆಗಳ ಶಿಸ್ತು ಅಂದರೆ ಹೊಡೆತ. ಅದನ್ನು ಮರೆಯಬಾರದು. ಬೀಜಿಂಗಿನಲ್ಲಿ 1904ರಿಂದ 1948ರವರೆಗೆ ನಡೆದ ಫೂಲಿಯಾನ್‌ಛೆಂಗ್ ಶಾಲೆಗೆ ಬಡವರ ಮಕ್ಕಳು ಏಳು ವರ್ಷದ ಕರಾರಿನ ಮೇಲೆ ಸೇರುತ್ತಿದ್ದರು. ಒಬ್ಬ ತಪ್ಪಿದರೆ ಇಡೀ ಗುಂಪಿಗೆ ಏಟು ಬೀಳುತ್ತಿತ್ತು. ಒಂದೊಂದು ತಂಡಕ್ಕೂ ಹೆಸರಿನಲ್ಲಿ ಒಂದೊಂದು ಅಕ್ಷರ ಕೊಡುತ್ತಿದ್ದರು. ಮಾ ಲಿಯಾನ್‌ಲಿಯಾಂಗ್ "ಲಿಯಾನ್" ತಂಡ, ಥಾನ್ ಫೂಯಿಂಗ್ "ಫೂ" ತಂಡ. ಹೆಸರು ನೋಡಿದರೇ ಯಾವ ತಂಡ ಅಂತ ಗೊತ್ತಾಗುತ್ತದೆ. ದೊಡ್ಡ ದೊಡ್ಡ ನಟರು ಅಲ್ಲಿಂದ ಬಂದರು, ನಿಜ. ಮಕ್ಕಳು ತಿಂದ ಏಟನ್ನು ಅದರ ಹೆಸರಲ್ಲಿ ಸರಿ ಅನ್ನೋಕೆ ನಾನು ತಯಾರಿಲ್ಲ.

ಅದೂ ಅಲ್ಲದೆ, ಚೀನಾದ ಕೊನೆಯ ರಾಜವಂಶ ಛಿಂಗ್‌ನ ಕಾಲದಲ್ಲಿ ನಟರನ್ನು ಕೀಳು ಜನ ಅಂತ ಎಣಿಸುತ್ತಿದ್ದರು. ಅವರ ಮಕ್ಕಳು ಸರ್ಕಾರಿ ಪರೀಕ್ಷೆಗೆ ಕೂರುವ ಹಾಗಿರಲಿಲ್ಲ. ಅರಮನೆಯಲ್ಲಿ ಆಡಿಸಿ ಚಪ್ಪಾಳೆ ತಟ್ಟುವವರೇ ಹೊರಗೆ ಈ ನಿಯಮ ಇಟ್ಟಿದ್ದರು.

ಸ್ವರಜತಿ | ಮಂಗಳವಾರ, ಬೆಳಿಗ್ಗೆ 6:50

ಶರಾವತಿ ಅವರ ಮಾತಿಗೆ ನನ್ನ ಸಹಮತ.

ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ಅಲ್ವಾ? ಛಿಂಗ್ ಕಾಲದಲ್ಲಿ ರಾಜಧಾನಿಯ ರಂಗದ ಮೇಲೆ ಹೆಂಗಸರಿಗೆ ಅವಕಾಶ ಇರಲಿಲ್ಲ. ಹಾಗಾಗಿ ಹೆಣ್ಣು ವೇಷ, ಅಂದರೆ "ದಾನ್", ಗಂಡಸರದಾಯಿತು. ಮೇ ಲಾನ್‌ಫಾಂಗ್ ಅವರ ತಾತ ಮೇ ಛಿಯಾವ್‌ಲಿಂಗ್ ಕೂಡ ಹೆಸರಾಂತ ದಾನ್ ನಟರು. ಚಿಕ್ಕಂದಿನಲ್ಲಿ ಮೇ ಅವರ ಕಣ್ಣಿನಲ್ಲಿ ಕಳೆ ಇಲ್ಲ ಅಂತ ಮಾತಿತ್ತಂತೆ. ಅವರು ಪಾರಿವಾಳ ಸಾಕಿದರು. ಆಕಾಶದಲ್ಲಿ ದೂರ ದೂರ ಹಾರುವ ಹಕ್ಕಿಯನ್ನು ನೋಟದಲ್ಲಿ ಹಿಡಿದು ಹಿಡಿದು ಕಣ್ಣಿಗೆ ಚುರುಕು ಬಂತು.

"ಕುಡಿದ ರಾಣಿ" ನೋಡಿ. ಯಾಂಗ್ ಗುಯಿಫೇ ಚಕ್ರವರ್ತಿಗಾಗಿ ಕಾದಿದ್ದಾಳೆ, ಅವನು ಬೇರೆ ರಾಣಿಯ ಕಡೆ ಹೋಗಿದ್ದಾನೆ. ಸೇವಕ ತಟ್ಟೆಯಲ್ಲಿ ಬಟ್ಟಲು ತರುತ್ತಾನೆ. ಅವಳು ಬಗ್ಗಿ ಹಲ್ಲಿನಲ್ಲೇ ಬಟ್ಟಲು ಕಚ್ಚಿ, ಹಾಗೇ ಹಿಂದಕ್ಕೆ ಬಾಗುತ್ತಾ ಬಾಗುತ್ತಾ ಕುಡಿಯುತ್ತಾಳೆ. ಇನ್ನೊಂದು ಕಡೆ ಮೈ ತಿರುಚಿ ನೆಲದವರೆಗೆ ಕುಸಿಯುವ ಭಂಗಿ ಇದೆ. ಹಿಂದೆ ಅದು ಬರೀ ಕಸರತ್ತು. ಮೇ ಅದಕ್ಕೆ ಹೂ ಮೂಸುವ ಅರ್ಥ ಕೊಟ್ಟರು.

1937ರ ನಂತರ ಯುದ್ಧ. ಜಪಾನೀ ಆಕ್ರಮಣದ ಕಾಲದಲ್ಲಿ ಅವರಿಗಾಗಿ ಆಡಬಾರದು ಅಂತ ಮೀಸೆ ಬಿಟ್ಟರು. ಹೆಣ್ಣು ವೇಷದವರಿಗೆ ಅದು ರಂಗ ಬಿಟ್ಟ ಹಾಗೆ. ಚಿತ್ರ ಬರೆದು ಮಾರಿ ಬದುಕಿದರು. 1945ರಲ್ಲಿ ಯುದ್ಧ ಮುಗಿದ ಮೇಲೆ ಮೀಸೆ ತೆಗೆದು ಮತ್ತೆ ರಂಗಕ್ಕೆ ಬಂದರು.

ಈಗ ದಾನ್ ವೇಷ ಹೆಚ್ಚಾಗಿ ಹೆಂಗಸರೇ ಮಾಡೋದು. ಗಂಡು ದಾನ್ ಪರಂಪರೆ ಉಳಿದಿದೆ, ಆದರೆ ಕಡಿಮೆ. ಮೇ ಅವರ ಮಗ ಮೇ ಬಾವ್‌ಜಿಯು 2016ರಲ್ಲಿ ತೀರಿಕೊಂಡರು.

ಸಿಂಗಾಪುರದಿಂದ | ಮಂಗಳವಾರ, ಬೆಳಿಗ್ಗೆ 7:30

ಉಲ್ಟಾ ಕೂಡ ಇದೆ ಅಕ್ಕಾ. ಜೆಜಿಯಾಂಗ್ ಪ್ರಾಂತ್ಯದ ಯುಎಜು 1906ರಲ್ಲಿ ಹಳ್ಳಿಯಲ್ಲಿ ಗಂಡಸರಿಂದ ಶುರುವಾಗಿ, ಶಾಂಘೈಗೆ ಬಂದು 1930-40ರ ಹೊತ್ತಿಗೆ ಪೂರ್ತಿ ಹೆಂಗಸರ ಮೇಳವಾಯಿತು. ನಾಯಕನೂ ಹೆಣ್ಣೇ. ಈ ಶೈಲಿಯ "ಲಿಯಾಂಗ್ ಶಾನ್‌ಬೋ ಮತ್ತು ಝೂ ಯಿಂಗ್‌ತಾಯ್" ಸಿನಿಮಾವನ್ನು 1954ರ ಜಿನೀವಾ ಸಮ್ಮೇಳನದಲ್ಲಿ ಚೀನಾದ ಪ್ರಧಾನಿ ಝೌ ಎನ್‌ಲಾಯ್ ವಿದೇಶಿಯರಿಗೆ ತೋರಿಸಿದರು. ಇದು ನಮ್ಮ ರೋಮಿಯೊ ಜೂಲಿಯೆಟ್ ಅಂತ ಪರಿಚಯ ಮಾಡಿಸಿದರು.

2023ರಲ್ಲಿ ಹಾಂಗ್‌ಝೌದಲ್ಲಿ ಛೆನ್ ಲಿಜುನ್ ಅನ್ನುವ ನಟಿ ಗಂಡು ವೇಷದಲ್ಲಿ ನಾಯಕಿಯನ್ನು ಹಿಡಿದು ಗಿರಗಿರ ತಿರುಗಿದ ತುಣುಕು ಚೀನಾದ ಫೋನುಗಳಲ್ಲೆಲ್ಲಾ ಹರಿದಾಡಿತು. ಟಿಕೆಟ್ಟಿಗೆ ಹುಡುಗ ಹುಡುಗಿಯರು ಮುಗಿಬಿದ್ದರು. ಈ ಕಲೆ ಸತ್ತುಹೋಗುತ್ತಿದೆ ಅನ್ನೋರು ಇದನ್ನು ನೋಡಬೇಕು.

ಮಲೆನಾಡು_ಓದುಗ | ಮಂಗಳವಾರ, ಬೆಳಿಗ್ಗೆ 11:05

ಎಲ್ಲಾ ಸರಿ. ಇದಕ್ಕೆಲ್ಲಾ ಮೂಲ ನಮ್ಮ ನಾಟ್ಯಶಾಸ್ತ್ರ ಅಂತ ಯಾಕೆ ಯಾರೂ ಹೇಳುತ್ತಿಲ್ಲ? ಬೌದ್ಧ ಭಿಕ್ಷುಗಳ ಜೊತೆ ಸಂಸ್ಕೃತ ನಾಟಕ ಅಲ್ಲಿಗೆ ಹೋಗಿದೆ. ಚೀನೀ ಕಥೆಗಳ ಮಂಗರಾಜ ಸುನ್ ವುಕೋಂಗ್ ಅಂದರೆ ನಮ್ಮ ಹನುಮಂತನೇ.

ನೀಲಿಶಾಯಿ | ಮಂಗಳವಾರ, ಮಧ್ಯಾಹ್ನ 12:30

ಸಂಬಂಧ ಇದೆ, ಆದರೆ ನೀವು ಹೇಳಿದಷ್ಟು ನೇರವಾಗಿಲ್ಲ. ಅಶ್ವಘೋಷನ "ಶಾರಿಪುತ್ರಪ್ರಕರಣ"ದ ತಾಳೆಗರಿ ಚೂರುಗಳು ಮಧ್ಯ ಏಷ್ಯಾದಲ್ಲಿ ಸಿಕ್ಕವು. ಜರ್ಮನ್ ಪಂಡಿತ ಲ್ಯೂಡರ್ಸ್ 1911ರಲ್ಲಿ ಪ್ರಕಟಿಸಿದರು. ಅಂದರೆ ಸಂಸ್ಕೃತ ನಾಟಕದ ಪ್ರತಿ ಮಧ್ಯ ಏಷ್ಯಾದವರೆಗೆ ಹೋಗಿತ್ತು. ಆದರೆ ಚೀನಾದ ಹಾಡು-ನಾಟಕ ಅದರಿಂದ ಹುಟ್ಟಿತು ಅನ್ನೋಕೆ ಅದು ಸಾಕಾಗಲ್ಲ. ನಡುವೆ ನೂರಾರು ವರ್ಷ, ಬೇರೆ ನುಡಿ, ಬೇರೆ ಸಂಗೀತ ಇವೆ.

ಗಟ್ಟಿ ಕೊಂಡಿ ಬೇಕಾದರೆ ಮುಲಿಯಾನ್ ಆಟ ಹಿಡಿಯಿರಿ. ಮುಲಿಯಾನ್ ಅಂದರೆ ಬುದ್ಧನ ಶಿಷ್ಯ ಮೌದ್ಗಲ್ಯಾಯನ. ನರಕಕ್ಕೆ ಬಿದ್ದ ತಾಯಿಯನ್ನು ಬಿಡಿಸಿಕೊಂಡು ಬರುವ ಕಥೆ. ಯುವಾನ್‌ಗೂ ಮುಂಚಿನ ಸಾಂಗ್ ಕಾಲದ ಕೈಫೆಂಗ್ ಊರಿನಲ್ಲಿ ಏಳನೇ ತಿಂಗಳ ಹದಿನೈದರವರೆಗೆ ದಿನಾ ಇದನ್ನು ಆಡುತ್ತಿದ್ದರು, ಜನ ಕಿಕ್ಕಿರಿಯುತ್ತಿದ್ದರು ಅಂತ ಆ ಊರಿನ ನೆನಪು ಬರೆದವರು ದಾಖಲಿಸಿದ್ದಾರೆ. ಸಿಂಗಾಪುರದವರು ಹೇಳಿದ್ದು ಅದೇ ತಿಂಗಳು.

ಹನುಮಂತನ ವಿಚಾರದಲ್ಲಿ ಚೀನೀ ಪಂಡಿತರಲ್ಲೇ ಜಗಳ ಇದೆ. ಹೂ ಶಿಹ್ ಹನುಮಂತನ ಕಡೆ ವಾಲಿದರು. ಲೂ ಶುನ್ ಒಪ್ಪಲಿಲ್ಲ, ಅವರದೇ ಹಳೆ ಕಥೆಯ ನೀರಿನ ಮಂಗ ವೂಝಿಛಿ ಕಡೆ ಬೆರಳು ತೋರಿದರು.

ಮಲೆನಾಡು_ಓದುಗ | ಮಂಗಳವಾರ, ಮಧ್ಯಾಹ್ನ 12:52

ಮೌದ್ಗಲ್ಯಾಯನನ ಆಟ ಇದೆ ಅಂದಮೇಲೆ ಪ್ರಭಾವ ಇಲ್ಲ ಅನ್ನೋಕಾಗಲ್ಲವಲ್ಲ.

ನೀಲಿಶಾಯಿ | ಮಂಗಳವಾರ, ಮಧ್ಯಾಹ್ನ 1:00

ಕಥೆ ಹೋಗಿದೆ ಅನ್ನಿ, ಖಂಡಿತ ಒಪ್ಪುತ್ತೇನೆ. ರಂಗ ಕಟ್ಟಿಕೊಂಡದ್ದು ಅವರು. ಅಂದಹಾಗೆ, 2001ರಲ್ಲಿ ಯುನೆಸ್ಕೊ ಅಮೂರ್ತ ಪರಂಪರೆಯ ಮೊದಲ ಪಟ್ಟಿ ಮಾಡಿದಾಗ ಕುನ್‌ಛು ಮತ್ತು ಕೇರಳದ ಕೂಡಿಯಾಟ್ಟಂ ಎರಡೂ ಒಟ್ಟಿಗೆ ಸೇರಿದವು.

ಹೊಂಗೆನೆರಳು | ಮಂಗಳವಾರ, ಸಂಜೆ 6:20

ಎಷ್ಟೊಂದು ಬರೆದಿದ್ದೀರಿ, ತುಂಬಾ ಧನ್ಯವಾದ. ಸಾನ್ ಛಾ ಕೌ ನೋಡಿದೆ, ಬರಿದಾದ ಕೋಟೆಯನ್ನೂ ಕೇಳಿದೆ. ಗಡ್ಡದ ವೇಷದ ದನಿ ನಿಜಕ್ಕೂ ಹಿಡಿಸಿತು. ಹುಡುಕುವಾಗ ಬಂದೂಕು, ಕೆಂಪು ಲಾಟೀನು ಹಿಡಿದ ಒಪೆರಾ ಕೂಡ ಕಂಡಿತು. ಅದು ಯಾವುದು?

ಗಾಂಧಿಬಜಾರ್ | ಮಂಗಳವಾರ, ಸಂಜೆ 6:55

"ಕೆಂಪು ಲಾಟೀನು". ಸಾಂಸ್ಕೃತಿಕ ಕ್ರಾಂತಿಯ ಕಾಲದ "ಮಾದರಿ ಕೃತಿ"ಗಳಲ್ಲಿ ಒಂದು. ಮಾವೊ ಅವರ ಹೆಂಡತಿ ಜಿಯಾಂಗ್ ಛಿಂಗ್ ಉಸ್ತುವಾರಿಯಲ್ಲಿ ಬಂದವು. ಮೊದಲ ಎಂಟರಲ್ಲಿ ಐದು ಪೀಕಿಂಗ್ ಒಪೆರಾ, ಎರಡು ಬ್ಯಾಲೆ, ಒಂದು ಸಿಂಫನಿ. ರಾಜ, ರಾಣಿ, ಮಂತ್ರಿ ಎಲ್ಲಾ ಹೋಗಿ ರೈಲ್ವೆ ಕಾರ್ಮಿಕರು, ಸೈನಿಕರು ಬಂದರು. ಜಿಂಗ್‌ಹು ಜೊತೆ ಪಾಶ್ಚಾತ್ಯ ವಾದ್ಯಗಳೂ ಸೇರಿದವು. ಸಂಗೀತ ಕಟ್ಟಿದವರು ಸಮರ್ಥರು. ಲೀ ಥಿಯೆಮೇ ಅನ್ನೋ ಹುಡುಗಿಯ ಹಾಡುಗಳನ್ನು ಜನ ಈಗಲೂ ಪಾರ್ಕುಗಳಲ್ಲಿ ಹಾಡುತ್ತಾರೆ.

ಶರಾವತಿ_ತೀರ | ಮಂಗಳವಾರ, ರಾತ್ರಿ 8:10

ಸಂಗೀತ ಚೆನ್ನಾಗಿದೆ ಅಂತ ಅಲ್ಲಿಗೇ ನಿಲ್ಲಿಸೋದು ನನಗೆ ಸಾಧ್ಯವಿಲ್ಲ. ಇತಿಹಾಸಕಾರ ವೂ ಹಾನ್ 1961ರಲ್ಲಿ ಹಾಯ್ ರುಯಿ ಅನ್ನುವ ನೇರ ನಡೆಯ ಅಧಿಕಾರಿಯ ಬಗ್ಗೆ ಒಪೆರಾ ಬರೆದರು. ಮಾ ಲಿಯಾನ್‌ಲಿಯಾಂಗ್ ಆ ಪಾತ್ರ ಮಾಡಿದರು. 1965ರ ನವೆಂಬರಿನಲ್ಲಿ ಅದರ ಮೇಲೆ ಪತ್ರಿಕೆಯಲ್ಲಿ ದಾಳಿ ಶುರುವಾಯಿತು. ಸಾಂಸ್ಕೃತಿಕ ಕ್ರಾಂತಿಗೆ ಕಿಡಿ ಬಿದ್ದದ್ದು ಅಲ್ಲಿ. ಒಂದು ಒಪೆರಾದಿಂದ! ಮಾ 1966ರ ಡಿಸೆಂಬರಿನಲ್ಲಿ ಹಿಂಸೆ ಅನುಭವಿಸಿ ಸತ್ತರು. ವೂ ಹಾನ್ ಜೈಲಿನಲ್ಲಿ ಸತ್ತರು. ಶಾಂಘೈನ ದೊಡ್ಡ ನಟ ಝೌ ಶಿನ್‌ಫಾಂಗ್ ವರ್ಷಗಟ್ಟಲೆ ಕಿರುಕುಳ ಅನುಭವಿಸಿ 1975ರಲ್ಲಿ ಹೋದರು. ಹಳೆ ಆಟಗಳೆಲ್ಲಾ ನಿಂತವು. ಉಡುಗೆಗಳನ್ನು ಸುಟ್ಟರು. ಕಲಿಯಬೇಕಾದ ವಯಸ್ಸಿನ ಒಂದು ಇಡೀ ತಲೆಮಾರಿಗೆ ಗುರು ಸಿಗಲಿಲ್ಲ.

ಗಾಂಧಿಬಜಾರ್ | ಮಂಗಳವಾರ, ರಾತ್ರಿ 8:32

ಅದರಲ್ಲಿ ಒಂದು ಮಾತನ್ನೂ ನಾನು ಅಲ್ಲಗಳೆಯಲ್ಲ. ಆದರೆ ಆ ಹಾಡುಗಳಲ್ಲಿ ಹಾಡಿದವರ ಬೆವರೂ ಇದೆ. ಅವರಲ್ಲಿ ಎಷ್ಟೋ ಜನಕ್ಕೆ ಬೇರೆ ಆಯ್ಕೆ ಇರಲಿಲ್ಲ.

ಸ್ವರಜತಿ | ಮಂಗಳವಾರ, ರಾತ್ರಿ 9:00

ನಾನು ಅವನ್ನು ಕೇಳುತ್ತೇನೆ, ಮಾ ಲಿಯಾನ್‌ಲಿಯಾಂಗ್ ಅವರ ಹಳೆ ಧ್ವನಿಮುದ್ರಣವನ್ನೂ ಕೇಳುತ್ತೇನೆ. ಎರಡನೆಯದನ್ನು ಕೇಳುವಾಗ ಎದೆ ಭಾರವಾಗುತ್ತದೆ.

ಚಂಡೆಪೆಟ್ಟು | ಬುಧವಾರ, ಬೆಳಿಗ್ಗೆ 7:05

ಬ್ರೆಕ್ಟ್ ವಿಷಯಕ್ಕೆ ಒಂದು ಮಾತು. ಅವರ "ಕಕೇಶಿಯನ್ ಚಾಕ್ ಸರ್ಕಲ್" ನಾಟಕದ ಬೇರೂ ಯುವಾನ್ ಕಾಲದಲ್ಲಿದೆ. ಲೀ ಶಿಂಗ್‌ದಾವ್ ಬರೆದ ಝಾಜು. ಮಗುವನ್ನು ಸುಣ್ಣದ ವೃತ್ತದ ನಡುವೆ ನಿಲ್ಲಿಸಿ ಇಬ್ಬರು ತಾಯಂದಿರಿಗೆ ಎಳೆಯಲು ಹೇಳುತ್ತಾರೆ. ಅದರಲ್ಲಿ ತೀರ್ಪು ಕೊಡೋದು ನ್ಯಾಯಾಧೀಶ ಬಾವೊ. ಒಪೆರಾದಲ್ಲಿ ಕಪ್ಪು ಮುಖ, ಹಣೆ ಮೇಲೆ ಚಂದ್ರ ಇರುತ್ತದಲ್ಲ, ಅವನೇ. ಮೂಲದಲ್ಲಿ ಮಗು ಹೆತ್ತವಳಿಗೆ ಸಿಗುತ್ತದೆ, ಬ್ರೆಕ್ಟ್ ಸಾಕಿದವಳಿಗೆ ಕೊಟ್ಟರು.

ಕಾಫಿಪುಡಿ | ಬುಧವಾರ, ಬೆಳಿಗ್ಗೆ 9:30

ಇದು ಗೊತ್ತೇ ಇರಲಿಲ್ಲ. ಮುಖದ ಬಣ್ಣಕ್ಕೆ ಲೆಕ್ಕ ಇದೆಯಾ?

ನೀಲಿಶಾಯಿ | ಬುಧವಾರ, ಬೆಳಿಗ್ಗೆ 10:10

ಇದೆ, ಮುಖ್ಯವಾಗಿ "ಜಿಂಗ್", ಅಂದರೆ ಮುಖಕ್ಕೆ ಪೂರ್ತಿ ಬಣ್ಣ ಬರೆದ ಗಂಡು ವೇಷಕ್ಕೆ. ಕೆಂಪು ಅಂದರೆ ನಿಷ್ಠೆ, ಮೂರು ರಾಜ್ಯಗಳ ಕಥೆಯ ವೀರ ಗುವಾನ್ ಯೂ. ಕಪ್ಪು ನೇರ, ಒರಟು. ಬಿಳಿ ಅಂದರೆ ಕುಟಿಲ, ಅದೇ ಕಥೆಯ ಛಾವ್ ಛಾವ್. ನೀಲಿ ಉಗ್ರ ಸ್ವಭಾವ. ಹೊನ್ನು, ಬೆಳ್ಳಿ ದೇವರಿಗೆ, ಭೂತಗಳಿಗೆ. ಹಾಸ್ಯದವನಿಗೆ ಮೂಗಿನ ಸುತ್ತ ಒಂದು ಬಿಳಿ ತೇಪೆ. ಕಣ್ಣು ಮುಚ್ಚಿ ನಂಬಬೇಡಿ, ಅಪವಾದ ಬೇಕಾದಷ್ಟಿವೆ.

ಹೊಂಗೆನೆರಳು | ಬುಧವಾರ, ಸಂಜೆ 7:15

ಮುಂದಿನ ವರ್ಷ ಕೆಲಸದ ಮೇಲೆ ಶಾಂಘೈಗೆ ಹೋಗುವ ಸಾಧ್ಯತೆ ಇದೆ. ಕುನ್‌ಛು ನೋಡಬೇಕು ಅಂತ ಆಸೆ. ಅದರ ಹೆಸರಾಂತ ನಾಟಕ "ಪಿಯೋನಿ ಮಂಟಪ"ಕ್ಕೆ 55 ದೃಶ್ಯ ಅಂತೆ, ಅಷ್ಟೂ ಕೂತು ನೋಡಬೇಕಾ?

ಸ್ವರಜತಿ | ಬುಧವಾರ, ರಾತ್ರಿ 8:40

ಬೇಡ. ತಾಂಗ್ ಶಿಯಾನ್‌ಜು 1598ರಲ್ಲಿ ಬರೆದಷ್ಟನ್ನೂ ಒಟ್ಟಿಗೆ ಆಡೋದು ಬಹಳ ಅಪರೂಪ. 2004ರಲ್ಲಿ ಬಂದ ಯುವ ನಟರ ಪ್ರಯೋಗವೇ ಕತ್ತರಿಸಿದ ಮೇಲೂ ಮೂರು ದಿನ, ಒಂಬತ್ತು ಗಂಟೆ. ಬಿಡಿ ದೃಶ್ಯಗಳ ಆಟಕ್ಕೆ ಹೋಗಿ. ಫುಝೌ ರಸ್ತೆಯ ಯೀಫೂ ರಂಗಮಂದಿರದಲ್ಲಿ ಏನಿದೆ ಅಂತ ಮೊದಲು ನೋಡಿ. "ತೋಟದ ಸುತ್ತಾಟ, ಬೆಚ್ಚಿದ ಕನಸು" ಇದ್ದರೆ ಕಣ್ಣು ಮುಚ್ಚಿ ಟಿಕೆಟ್ ತಗೊಳ್ಳಿ. ದೂ ಲಿನಿಯಾಂಗ್ ಮನೆಯ ಹಿಂದಿನ ತೋಟಕ್ಕೆ ಬರುತ್ತಾಳೆ, ಹೂ ನೋಡುತ್ತಾಳೆ, ನಿದ್ದೆ ಹೋಗಿ ಕನಸಲ್ಲಿ ಒಬ್ಬ ಹುಡುಗನನ್ನು ಕಾಣುತ್ತಾಳೆ. ನಡೆಯೋದು ಅಷ್ಟೇ. ಒಂದು ಬೀಸಣಿಗೆ, ಉದ್ದ ಬಿಳಿ ತೋಳು, ಕೊಳಲು.

ಸಿಂಗಾಪುರದಿಂದ | ಬುಧವಾರ, ರಾತ್ರಿ 8:55

ಹಾಡಿನ ಸಾಲುಗಳು ರಂಗದ ಪಕ್ಕದ ಪರದೆ ಮೇಲೆ ಬರುತ್ತವೆ, ಚೀನೀ ಲಿಪಿಯಲ್ಲಿ. ಭಾಷೆ ಹಳೆಯದು, ಅಲ್ಲಿನವರೂ ಅದನ್ನು ಓದುತ್ತಲೇ ನೋಡುತ್ತಾರೆ. ಕಥೆಯನ್ನು ಮನೆಯಲ್ಲೇ ಓದಿಕೊಂಡು ಹೋಗಿ. ನಡುವಿನ ಸಾಲು ಬೇಡ, ಪಕ್ಕವಾದ್ಯದವರು ಕಾಣುವ ಕಡೆ ಸೀಟು ಹಿಡಿಯಿರಿ.

ಚಂಡೆಪೆಟ್ಟು | ಬುಧವಾರ, ರಾತ್ರಿ 9:02

ಡೋಲಿನವರ ಎಡಗೈ ಕಾಣಬೇಕು, ಅದನ್ನು ನೋಡಿಕೊಂಡು ಸೀಟು ತಗೊಳ್ಳಿ.